ಫಿಸ್ಕ್‌ನ ಹಳೆಯ ವಿದ್ಯಾರ್ಥಿ, ಅಧ್ಯಾಪಕರನ್ನು ದಾಖಲೆಯಲ್ಲಿ ಹುಡುಕುವ ಬಗೆ

ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 1866ರಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದವರಿಗಾಗಿ ಶುರುವಾದ ಶಾಲೆಯೇ ಇಂದಿನ ಫಿಸ್ಕ್ ವಿಶ್ವವಿದ್ಯಾಲಯ. ಅಲ್ಲಿ ಯಾರು ಕಲಿತರು, ಯಾರು ಕಲಿಸಿದರು ಎಂದು ಹುಡುಕಲು ಮೊದಲು ವಾರ್ಷಿಕ ಕ್ಯಾಟಲಾಗ್ (ಆ ವರ್ಷದ ವಿದ್ಯಾರ್ಥಿ, ಅಧ್ಯಾಪಕರ ಹೆಸರಿರುವ ಸಂಸ್ಥೆಯ ಪುಸ್ತಕ) ತೆರೆಯಿರಿ. ಒಂದೇ ವರ್ಷದ್ದು ಸಾಲದು. ಹಿಂದಿನ, ಮುಂದಿನ ಎರಡೆರಡು ವರ್ಷದ್ದನ್ನೂ ನೋಡಿ.

ಹೆಚ್ಚಿನವರು ಎಡವುವುದು ತರಗತಿಯ ವಿಚಾರದಲ್ಲಿ. ಆಗ ಶಾಲಾ ತರಗತಿ, ಶಿಕ್ಷಕರ ತರಬೇತಿ, ಕಾಲೇಜು ಎಲ್ಲವೂ ಒಂದೇ ಸಂಸ್ಥೆಯಲ್ಲಿದ್ದವು. ಹೆಸರಿದ್ದ ಮಾತ್ರಕ್ಕೆ ಪದವೀಧರರೆಂದು ಬರೆದುಕೊಳ್ಳಬೇಡಿ. ಪದವೀಧರರ ಪಟ್ಟಿಯಲ್ಲಿ ತಾಳೆ ನೋಡಿ. ಕಪ್ಪು ಅಮೆರಿಕನ್ ಚಿಂತಕ ಡಬ್ಲ್ಯೂ.ಇ.ಬಿ. ಡುಬೊಯ್ಸ್ ಫಿಸ್ಕ್‌ನ 1888ರ ಪದವೀಧರ, ಅವರಿಂದಲೇ ಅಭ್ಯಾಸ ಶುರುಮಾಡಬಹುದು.

ಹೆಣ್ಣುಮಕ್ಕಳ ಜಾಡು ಮದುವೆಯಾಗಿ ಹೆಸರು ಬದಲಾದಾಗ ತಪ್ಪಿಹೋಗುತ್ತದೆ. ಫಿಸ್ಕ್‌ನ ಗಾಯನ ತಂಡ ಜುಬಿಲಿ ಸಿಂಗರ್ಸ್‌ನ ಎಲಾ ಶೆಪರ್ಡ್ (Ella Sheppard) 1882ರ ಮದುವೆಯ ನಂತರ ಎಲಾ ಮೂರ್ (Moore). ಆಕೆ ವಿದ್ಯಾರ್ಥಿನಿಯೂ ಹೌದು, ಸಂಗೀತ ಶಿಕ್ಷಕಿಯೂ ಹೌದು. ಹಾಗಾಗಿ ಎರಡೂ ಪಟ್ಟಿ ಜಾಲಾಡಬೇಕು.

ಆಮೇಲೆ ಜನಗಣತಿ. ಬಿಡುಗಡೆಯಾದವರನ್ನು ಹೆಸರು ಹಿಡಿದು ದಾಖಲಿಸಿದ ಮೊದಲ ರಾಷ್ಟ್ರೀಯ ಗಣತಿ 1870ರದು. 1890ರದ್ದು ಕೇಳಲೇಬೇಡಿ: 1921ರ ಬೆಂಕಿಯಲ್ಲಿ ಹೆಚ್ಚಿನ ಭಾಗ ಹಾಳಾಯಿತು. 1880ರಿಂದ 1900ರವರೆಗಿನ ಆ ಖಾಲಿ ಜಾಗವನ್ನು ನ್ಯಾಶ್‌ವಿಲ್‌ನ ನಗರ ಡೈರೆಕ್ಟರಿಗಳಿಂದ (ನಿವಾಸಿಗಳ ಹೆಸರು, ವಿಳಾಸದ ಪುಸ್ತಕಗಳಿಂದ) ತುಂಬಿಕೊಳ್ಳಿ. ಕಾಗುಣಿತ ಬದಲಾಗಿರುತ್ತದೆ, ಇನಿಷಿಯಲ್‌ನಲ್ಲೂ ಹುಡುಕಿ.