ಮೆಟ್ಟುಗತ್ತಿ ಅಂದ್ರೆ ಯಾವ್ದು, ಅದ್ರಲ್ಲಿ ಹೆಚ್ಚೋದು ಹೆಂಗೆ

ಮಲೆನಾಡು ಕರಾವಳಿ ಕಡೆ ಮನೇಲಿ "ಆ ಮೆಟ್ಟುಗತ್ತಿ ಇತ್ಲಾಗ್ ಕೊಡು" ಅಂದ್ರೆ ಬಯಲುಸೀಮೆಯಿಂದ ಬಂದವರು ಮಚ್ಚು ಹುಡುಕ್ತಾ ನಿಲ್ಲೋದುಂಟು. ಅದು ಮೈಸೂರು ಬೆಂಗಳೂರು ಕಡೆಯ ಈಳಿಗೆಮಣೆನೇ ಕಣ್ರೀ, ಮಣೆ ಮೇಲೆ ಕತ್ತಿನ ನಿಲ್ಲಿಸಿ ಕೂರಿಸಿರೋದು. ಮೆಟ್ಟೋದು ಅಂದ್ರೆ ತುಳಿಯೋದು, ಕಾಲಲ್ಲಿ ಮೆಟ್ಟಿ ಹಿಡ್ಕೊಳ್ಳೋ ಕತ್ತಿ, ಅದಕ್ಕೇ ಆ ಹೆಸರು. ಮರಾಠಿಯವ್ರು ವಿಳಿ ಅಂತಾರೆ, ತೆಲುಗಿನವ್ರು ಕತ್ತಿಪೀಟ. ಬರೀ ಕಾಯಿ ತುರಿಯೋ ಹಲ್ಲಿರೋ ಮಣೆ ಬೇರೆ, ಅದು ಹೆರೆಮಣೆ, ಆದ್ರೆ ಸುಮಾರು ಮನೆಗಳಲ್ಲಿ ಕತ್ತಿ ತುದೀಲೇ ಆ ಹಲ್ಲೂ ಇರೋದ್ರಿಂದ ಒಂದೇ ಮಣೇಲಿ ಎರಡೂ ಕೆಲ್ಸ ಮುಗಿಯತ್ತೆ.

ಚಾಕು ಹಿಡಿದು ಅಭ್ಯಾಸ ಆದವ್ರಿಗೆ ಇದು ಮೊದ್ಲು ಉಲ್ಟಾ ಅನ್ಸತ್ತೆ, ಯಾಕಂದ್ರೆ ಇಲ್ಲಿ ಕತ್ತಿ ಅಲ್ಲಾಡಲ್ಲ, ತರಕಾರಿನೇ ಕತ್ತಿ ಹತ್ರ ಹೋಗ್ಬೇಕು. ನೆಲದ ಮೇಲೆ ಕೂತು ಒಂದು ಮಂಡಿ ಮಡಚಿ ಪಾದನ ಮಣೆ ಮೇಲೆ ಗಟ್ಟಿಯಾಗಿ ಊರಿ (ಕೆಲವ್ರು ಮಣೆ ಮೇಲೇ ಕೂತ್ಕೋತಾರೆ, ಅದೂ ಸರಿನೇ), ಕತ್ತಿ ಬಾಯಿ ನಿಮ್ಮ ಕಡೆ ಇರ್ಬೇಕು, ಆಮೇಲೆ ತರಕಾರಿನ ಎರಡೂ ಕೈಯಲ್ಲಿ ಹಿಡಿದು ನಿಮ್ಮಿಂದ ಆಚೆಗೆ ತಳ್ಳಿ. ಕೈಗಳು ಕತ್ತಿಯ ಅತ್ತ ಒಂದು ಇತ್ತ ಒಂದು ಇರ್ಲಿ, ಬೆರಳು ಕತ್ತಿಯ ಎದುರಿಗೆ ಬರ್ಬಾರ್ದು. ಜೋರಾಗಿ ಒತ್ತೋ ಅವಶ್ಯಕತೆನೇ ಇಲ್ಲ, ಒತ್ಬೇಕು ಅನ್ನಿಸ್ತಿದೆ ಅಂದ್ರೆ ಕತ್ತಿ ಮೊಂಡಾಗಿದೆ ಅಂತ ಅರ್ಥ, ಸಾಣೆ ಹಿಡಿಸಿ. ಕಾಲು ಸಡಿಲ ಬಿಟ್ರೆ ಮಣೆ ಜಾರತ್ತೆ, ಕೈ ಕೊಯ್ಕೊಳ್ಳೋದು ಬಹುಪಾಲು ಆವಾಗ್ಲೇ.

ಬೀನ್ಸು ಸೊಪ್ಪು ಎಲ್ಲ ಒಂದು ಹಿಡಿ ಜೋಡಿಸ್ಕೊಂಡು ತಳ್ತಾ ಹೋದ್ರೆ ಸರಸರ ಅಂತ ಆಗೋಗತ್ತೆ. ಇದ್ರ ನಿಜವಾದ ತಾಕತ್ತು ಗೊತ್ತಾಗೋದು ಮಾತ್ರ ಹಲಸಿನಕಾಯಿ, ಸುವರ್ಣಗೆಡ್ಡೆ, ಸಿಹಿಗುಂಬಳ ಬಂದಾಗ, ಎರಡೂ ಕೈ ಖಾಲಿ ಇರೋದ್ರಿಂದ ಅಷ್ಟು ದಪ್ಪದ್ದನ್ನ ತಿರುಗಿಸಿ ತಿರುಗಿಸಿ ಕೊಯ್ಬೋದು, ಸಣ್ಣ ಚಾಕು ಅಲ್ಲಿ ಯಾವ ಮೂಲೆಗೂ ಸಾಲಲ್ಲ. ಹಲಸು ಆದ್ರೆ ಕೈಗೂ ಕತ್ತಿಗೂ ಮೊದ್ಲೇ ಕೊಬ್ಬರಿ ಎಣ್ಣೆ ಹಚ್ಚಿ, ಇಲ್ಲಾಂದ್ರೆ ಮೇಣ ಅಂಟ್ಕೊಂಡು ಅರ್ಧ ದಿನ ಅದನ್ನ ಬಿಡಿಸೋದೇ ಕೆಲ್ಸ. ಬಾಳೆಕಾಯಿ, ಬಾಳೆಹೂವು ಹೆಚ್ಚಿದ ಹಾಗೇ ಮಜ್ಜಿಗೆ ಬೆರೆಸಿದ ನೀರಿಗೆ ಹಾಕ್ತಾ ಹೋಗಿ, ಕಪ್ಪಾಗಲ್ಲ.

ಕಾಯಿ ತುರಿಯೋವಾಗ ಹಲ್ಲಿನ ಕೆಳಗೆ ತಟ್ಟೆ ಇಟ್ಟು, ಅಂಚಿಂದ ಶುರು ಮಾಡಿ ಹೋಳನ್ನ ಸ್ವಲ್ಪ ಸ್ವಲ್ಪ ತಿರುಗಿಸ್ತಾ ಬನ್ನಿ. ಕರಟದ ಹತ್ರದ ಕಂದು ಸಿಪ್ಪೆ ಬರೋಕೆ ಮೊದ್ಲೇ ನಿಲ್ಲಿಸಿದ್ರೆ ಚಟ್ನಿ ಬೆಳ್ಳಗಿರತ್ತೆ.

ಕೆಲ್ಸ ಆದ್ಮೇಲೆ ಹಂಗೇ ನಡುಮನೇಲಿ ಬಿಟ್ಟು ಫೋನ್ ಎತ್ತೋಕೆ ಓಡ್ಬೇಡಿ, ಮಕ್ಳಿರೋ ಮನೆ ಆದ್ರಂತೂ ಬೇಡ್ವೇ ಬೇಡ. ಕಬ್ಬಿಣದ ಕತ್ತಿ ಆದ್ರೆ ತೊಳೆದು ತಕ್ಷಣ ಒರೆಸಿ, ದಿನಾ ಬಳಸಲ್ಲ ಅಂದ್ರೆ ಒಂಚೂರು ಎಣ್ಣೆ ಸವರಿಡಿ, ಹುಳಿ ತರಕಾರಿ ಹೆಚ್ಚಿ ಹಾಗೇ ಬಿಟ್ರೆ ಮಾರನೇ ದಿನಕ್ಕೇ ತುಕ್ಕು. ಮಡಚೋ ಥರದ್ದಾದ್ರೆ ಮಡಚಿಡಿ, ಇಲ್ಲಾಂದ್ರೆ ಕತ್ತಿ ಬಾಯಿ ಗೋಡೆ ಕಡೆ ಮಾಡಿ ಒರಗಿಸಿ. ಹೊಸದು ತಗೊಳ್ಳೋರು ಮಣೆ ಅಗಲ ಇರೋದನ್ನೇ ನೋಡಿ, ಪಾದ ಪೂರ್ತಿ ಕೂರದ ಮಣೆ ಎಷ್ಟೇ ಚೆಂದ ಇದ್ರೂ ವೇಸ್ಟು.