ಕನ್ವೇಯರ್ ಪೂರ್ತಿ ನಿಖರವಾಗಿರಬೇಕಿಲ್ಲ

ಕನ್ವೇಯರ್ ಮಾಡಿಸಲು ಬರುವವರ ಡ್ರಾಯಿಂಗ್‌ನಲ್ಲಿ ಸಾಮಾನ್ಯವಾಗಿ ಒಂದೇ ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನುವ ಮಿತಿ) ಬರೆದಿರುತ್ತದೆ, ಅದೂ ಇಡೀ ಲೈನಿಗೆ. ತುಮಕೂರಿನ ವಸಂತನರಸಾಪುರದ ಒಂದು ಕಾರ್ಖಾನೆಯವರು ಪೀಣ್ಯದ ನಮ್ಮ ವರ್ಕ್‌ಶಾಪಿಗೆ ತಂದ ಡ್ರಾಯಿಂಗೂ ಹಾಗೇ ಇತ್ತು. 12 ಮೀಟರ್ ಅಸೆಂಬ್ಲಿ ಲೈನ್, ಐದು ಸ್ಟೇಷನ್, ಸುಮಾರು 4 ಕೆ.ಜಿ. ತೂಕದ ಅಲ್ಯೂಮಿನಿಯಂ ಹೌಸಿಂಗ್, ಅಂದರೆ ಬೇರಿಂಗ್ ಕೂರುವ ಕವಚ. ಎಲ್ಲಾ ಸ್ಟೇಷನ್‌ನಲ್ಲೂ ಪೀಸ್ ±0.2 ಮಿ.ಮೀ. ಒಳಗೆ ನಿಲ್ಲಬೇಕು ಅಂತ ಷರತ್ತು. ಅದಕ್ಕೆ ತಕ್ಕ ಹಾಗೆ, ಹೇಳಿದಷ್ಟೇ ತಿರುಗಿ ನಿಲ್ಲುವ ಸರ್ವೋ ಮೋಟರ್, ಡ್ರೈವ್, ಪ್ಲಾನೆಟರಿ ಗೇರ್‌ಬಾಕ್ಸ್ ಅಂತ ಸೇರಿಸುತ್ತಾ ಹೋದರೆ ಅವರ ಬಜೆಟ್ ಯಾವ ಮೂಲೆಗೂ ಸಾಲುತ್ತಿರಲಿಲ್ಲ.

ಕೊಟೇಶನ್ ಬರೆಯುವ ಮೊದಲು ಅವರ ಹಳೇ ಲೈನ್ ನೋಡಿ ಬಂದೆ. ಲೈನ್ ಅಂದ್ರೆ ಮೇಜುಗಳ ಸಾಲು ಅಷ್ಟೇ, ಪೀಸನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಪ್ರತಿ ಮೇಜಿನ ಹತ್ತಿರ ನಿಂತು ಒಂದೇ ಪ್ರಶ್ನೆ ಕೇಳಿದೆ: ಪೀಸ್ ಎರಡು ಎಂಎಂ ಆಚೆ ನಿಂತರೆ ನಿಮಗೆ ಏನಾಗುತ್ತೆ? ಸ್ಕ್ರೂ ಬಿಗಿಯುವ ಹುಡುಗ ಹೇಳಿದ, 'ಏನೂ ಆಗಲ್ಲ ಸರ್, ಸ್ಕ್ರೂಡ್ರೈವರ್ ನನ್ನ ಕೈಯಲ್ಲೇ ಇರುತ್ತಲ್ವಾ.' ಲೇಬಲ್ ಅಂಟಿಸುವವರಿಗೂ ಏನೂ ಆಗಲ್ಲ. ಲೀಕ್ ಟೆಸ್ಟ್ ಹೋಸನ್ನು ಕೈಯಿಂದಲೇ ಸಿಕ್ಕಿಸುತ್ತಾರೆ. ಕೊನೆಗೆ ಉಳಿದದ್ದು ಬೇರಿಂಗ್ ಪ್ರೆಸ್ ಒಂದೇ. ಅಲ್ಲಿ ಬೇರಿಂಗ್ ಒಂಚೂರು ವಾರೆಯಾಗಿ ಕೂತರೂ ಹೌಸಿಂಗ್ ಗೀರಿ ಸ್ಕ್ರ್ಯಾಪ್ ಆಗುತ್ತದೆ.

ಹಾಗಾದರೆ 12 ಮೀಟರ್ ಉದ್ದಕ್ಕೂ ನಿಖರತೆಗೆ ದುಡ್ಡು ಸುರಿಯುವುದು ಯಾಕೆ? ನಿಖರತೆ ಬೇಕಾದ ಒಂದು ಜಾಗದಲ್ಲಿ ಅದನ್ನು ಗಟ್ಟಿಯಾಗಿ ಕೊಡೋಣ, ಉಳಿದ ಕಡೆ ಪೀಸ್ ಸಾಗಿದರೆ ಸಾಕು ಅಂದೆ. ಅಲ್ಲಿನ ಪ್ರೊಡಕ್ಷನ್ ಮ್ಯಾನೇಜರಿಗೆ ಮೊದಲು ಇದು ಹಿಡಿಸಲಿಲ್ಲ. 'ಸರ್ವೋ ಹಾಕಿದ್ರೆ ತಲೆನೋವೇ ಇರಲ್ಲ ಅಲ್ವಾ ಸರ್?' ಅಂದರು.

ಸರ್ವೋಗೆ ಗೊತ್ತಿರುವುದು ಅದರ ಶಾಫ್ಟ್ ಎಷ್ಟು ತಿರುಗಿತು ಅನ್ನುವುದು ಮಾತ್ರ. ಪೀಸ್ ಹೊತ್ತು ಸಾಗುವ ಹಲಗೆ, ಅಂದರೆ ಪ್ಯಾಲೆಟ್, ಎಲ್ಲಿದೆ ಅಂತ ಅದಕ್ಕೆ ಗೊತ್ತಿಲ್ಲ. ನಡುವೆ ಚೈನ್ ಇದೆ, ಚೈನ್ ಸವೆದು ಉದ್ದ ಆಗುತ್ತದೆ. ಶೇಕಡಾ 1ರಷ್ಟು ಉದ್ದವಾದರೂ ಒಂದು ಮೀಟರಿಗೆ 10 ಮಿ.ಮೀ. ಅಲ್ಲಿಗೆ 0.2ರ ಮಾತು ಮುಗಿಯಿತು.

ಸಾಮಾನ್ಯ ಮೋಟರ್ ಹಾಕಿ, ಸೆನ್ಸರ್ ನೋಡಿ ನಿಲ್ಲಿಸೋಣ ಅನ್ನುವವರೂ ಇದ್ದಾರೆ. ಅದನ್ನೂ ಲೆಕ್ಕ ಹಾಕಿ ತೋರಿಸಿದೆ. ಮೋಟರ್ 1440 ಆರ್‌ಪಿಎಂ, ಗೇರ್‌ಬಾಕ್ಸ್ 30:1, ಸ್ಪ್ರಾಕೆಟ್ (ಚೈನ್ ಓಡಿಸುವ ಹಲ್ಲಿನ ಚಕ್ರ) ಸುಮಾರು 100 ಮಿ.ಮೀ. ಅಂದರೆ ಚೈನ್ ಓಡುವುದು ನಿಮಿಷಕ್ಕೆ 15 ಮೀಟರ್, ಸೆಕೆಂಡಿಗೆ 250 ಮಿ.ಮೀ. ಲೈನ್ ನಡೆಸುವ ಕಂಟ್ರೋಲರ್, ಅಂದರೆ ಪಿಎಲ್‌ಸಿ, ಸೆನ್ಸರ್‌ಗಳನ್ನು ಒಂದು ಸುತ್ತು ನೋಡುವ ಸ್ಕ್ಯಾನ್ 10 ಮಿಲಿಸೆಕೆಂಡ್ ಇದ್ದರೆ, ಸೆನ್ಸರ್ ನೋಡಿದ್ದು ಪಿಎಲ್‌ಸಿಗೆ ತಿಳಿಯುವಷ್ಟರಲ್ಲೇ ಪ್ಯಾಲೆಟ್ 2.5 ಮಿ.ಮೀ. ಮುಂದೆ ಹೋಗಿರಬಹುದು. ಮೋಟರ್ ನಿಲ್ಲುವಾಗ ಜಾರುವುದು ಬೇರೆ.

ಹಾಗಾಗಿ ನಿಲ್ಲಿಸುವ ಕೆಲಸವನ್ನು ಮೋಟರಿಗೆ ಕೊಡಲೇ ಇಲ್ಲ. ಪ್ಯಾಲೆಟ್ ಎರಡು ಚೈನ್ ಮೇಲೆ ಸುಮ್ನೆ ಕೂತು ಸಾಗುತ್ತದೆ. ನ್ಯೂಮ್ಯಾಟಿಕ್ (ಗಾಳಿಯ ಒತ್ತಡದ) ಸ್ಟಾಪರ್ ಎದ್ದರೆ ಪ್ಯಾಲೆಟ್ ನಿಲ್ಲುತ್ತದೆ, ಚೈನ್ ಅದರ ಕೆಳಗೆ ಓಡುತ್ತಲೇ ಇರುತ್ತದೆ. ನಾಲ್ಕು ಸ್ಟೇಷನ್‌ಗೆ ಇಷ್ಟೇ. ಪ್ರೆಸ್ ಇರುವ ಕಡೆ ಮಾತ್ರ ಕೆಳಗಿನಿಂದ ಒಂದು ಲಿಫ್ಟ್ ಯೂನಿಟ್ ಬಂದು, ಪ್ಯಾಲೆಟ್ಟನ್ನು ಚೈನ್‌ನಿಂದ ಸ್ವಲ್ಪ ಮೇಲೆತ್ತಿ ಎರಡು ಪಿನ್ ಮೇಲೆ ಕೂರಿಸುತ್ತದೆ. ಪಿನ್ನುಗಳ ತುದಿ ಚೂಪಾಗಿರುವುದರಿಂದ ಪ್ಯಾಲೆಟ್ ಒಂದೆರಡು ಮಿ.ಮೀ. ಆಚೀಚೆ ಬಂದಿದ್ದರೂ ತಾನೇ ಸರಿದು ಕೂರುತ್ತದೆ.

ಈ ಎರಡು ಪಿನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಎರಡೂ ಗುಂಡು ಪಿನ್ ಇಟ್ಟರೆ, ಪ್ರತಿ ಪ್ಯಾಲೆಟ್ಟಿನ ಎರಡು ತೂತಿನ ನಡುವಿನ ಅಂತರ ಮೈಕ್ರಾನ್ ಲೆಕ್ಕದಲ್ಲಿ ಒಂದೇ ಇರಬೇಕಾಗುತ್ತದೆ. ಇಲ್ಲದಿದ್ದರೆ ಪ್ಯಾಲೆಟ್ ಸಿಕ್ಕಿಕೊಳ್ಳುತ್ತದೆ. ಅಷ್ಟು ನಿಖರವಾಗಿ ಎಲ್ಲಾ ಪ್ಯಾಲೆಟ್ ಕೊರೆಸಲು ಖರ್ಚು ಜಾಸ್ತಿ. ಅದಕ್ಕೇ ಒಂದು ಗುಂಡು ಪಿನ್, ಇನ್ನೊಂದು ಡೈಮಂಡ್ ಪಿನ್ ಹಾಕಿದೆ. ಡೈಮಂಡ್ ಪಿನ್ನಿನ ಎರಡು ಪಕ್ಕ ತೆಗೆದಿರುತ್ತದೆ, ಆ ದಿಕ್ಕಿನಲ್ಲಿ ಅಂತರ ಕೊಂಚ ಹೆಚ್ಚುಕಮ್ಮಿ ಇದ್ದರೂ ನಡೆಯುತ್ತದೆ. ಪ್ಯಾಲೆಟ್ ತಿರುಗುವುದನ್ನು ಮಾತ್ರ ಅದು ತಡೆಯುತ್ತದೆ. ಪಿನ್ 12 ಮಿ.ಮೀ., ಜಿ6 ಫಿಟ್ (ಅಳತೆಯ ಮಿತಿ ಹೇಳುವ ಗುರುತು). ಪ್ಯಾಲೆಟ್ಟಿನ ತೂತಿಗೆ ಕೂರಿಸಿದ ಲೋಹದ ಬಳೆ, ಅಂದರೆ ಬುಷ್, ಎಚ್7. ಗುಂಡು ಪಿನ್ನಿಗೂ ಬುಷ್ಷಿಗೂ ನಡುವಿನ ಸಂದು 6ರಿಂದ 35 ಮೈಕ್ರಾನ್. ಕೇಳಿದ್ದ 0.2ಕ್ಕೆ ಇದು ಧಾರಾಳವಾಯಿತು. ಕರೆಂಟ್ ಹೋಗಿ ಬಂದರೂ ಪಿನ್ ಇದ್ದಲ್ಲೇ ಇರುತ್ತದೆ, ಹೋಮ್ ಪೊಸಿಷನ್ (ಎಣಿಕೆ ಶುರುವಾಗುವ ಜಾಗ) ಹುಡುಕುವ ಪ್ರಶ್ನೆಯೇ ಬರುವುದಿಲ್ಲ. ನಮ್ಮ ಕಡೆ ಇದು ಸಣ್ಣ ಲಾಭವಲ್ಲ.

ಪ್ರೆಸ್ಸನ್ನು ಕನ್ವೇಯರ್ ಫ್ರೇಮಿಗೆ ಕಟ್ಟಲಿಲ್ಲ. ಲಿಫ್ಟ್ ಯೂನಿಟ್ ಕೂತಿರುವುದು ಪ್ರೆಸ್ಸಿನ ಬೆಡ್ ಮೇಲೆಯೇ, ಒತ್ತುವ ಭಾರವೆಲ್ಲ ಅಲ್ಲಿಂದ ನೆಲಕ್ಕೆ ಇಳಿಯುತ್ತದೆ. ಆಮೇಲೆ ಫ್ರೇಮಿಗೆ 100 ಮಿ.ಮೀ.ನ ಸಿ ಆಕಾರದ ಕಬ್ಬಿಣದ ಚಾನೆಲ್ ಸಾಕಾಯಿತು. ಅದನ್ನು ಪೂರ್ತಿ ಮಷಿನಿಂಗ್ ಮಾಡಿಸಲಿಲ್ಲ. ಕಾಲುಗಳಿಗೆ ಲೆವೆಲಿಂಗ್ ಬೋಲ್ಟ್ ಕೊಟ್ಟು, ಗಾರೆ ಕೆಲಸದವರು ಬಳಸುವ ನೀರಿನ ಲೆವೆಲ್ ಪೈಪ್ ಹಿಡಿದು ಮಟ್ಟ ಮಾಡಿದೆವು.

ಉಳಿಸಿದ ದುಡ್ಡಿನಲ್ಲಿ ಒಂದಿಷ್ಟನ್ನು ಬೇರೆ ಕಡೆ ಹಾಕಿಯೇ ಹಾಕಬೇಕು ಅಂತ ಹಟ ಹಿಡಿದೆ. ಪಿನ್, ಬುಷ್ ಎರಡೂ ಹಾರ್ಡನ್ ಮಾಡಿ ಗ್ರೈಂಡ್ ಮಾಡಿದ್ದೇ ಆಗಬೇಕು. ಡ್ರೈವ್ ಶಾಫ್ಟಿನ ಬೇರಿಂಗ್ ಒಳ್ಳೇ ಕಂಪನಿಯದೇ, ಆದರೆ ಬೆಂಗಳೂರಿನ ಎಸ್‌ಜೆಪಿ ರಸ್ತೆಗೆ ಹೋದರೆ ಅವತ್ತೇ ಸಿಗುವ ಸೈಜ್ ಆಗಿರಬೇಕು. ಸೆನ್ಸರ್ ಬ್ರಾಕೆಟ್ ತೆಳು ಶೀಟಿನದು ಬೇಡ, 5 ಮಿ.ಮೀ. ಪ್ಲೇಟಿನದೇ ಬೇಕು. ಒಳ್ಳೇ ಸೆನ್ಸರ್ ತಂದು ಅದನ್ನು ಅಲುಗಾಡುವ ತಗಡಿಗೆ ಕಟ್ಟುವುದನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಅಲ್ಲಿ ಉಳಿಯುವ ದುಡ್ಡು ಒಂದು ಊಟಕ್ಕೂ ಬರುವುದಿಲ್ಲ, ಲೈನ್ ನಿಂತರೆ ಎಲ್ಲರ ಕೈಯೂ ಖಾಲಿ.

ಬುಷ್ ಹೇಗಿದ್ದರೂ ಸವೆಯುತ್ತದೆ. ಅದಕ್ಕೆ ಒಂದು ನೋ-ಗೋ ಪ್ಲಗ್ ಗೇಜ್ (ಸರಿಯಿರುವ ತೂತಿಗೆ ಹೋಗದ, ಸವೆದ ತೂತಿಗೆ ಮಾತ್ರ ಹೋಗುವ ಅಳತೆ ಕಡ್ಡಿ) ಮಾಡಿಸಿ ಲೈನಿನ ಪಕ್ಕದಲ್ಲೇ ನೇತುಹಾಕಿದೆವು. ಗೇಜ್ ಒಳಗೆ ಹೋಯಿತೆಂದರೆ ಆ ಬುಷ್ ಬಡಿದು ತೆಗೆದು ಹೊಸದು ಹಾಕುತ್ತಾರೆ, ನಮ್ಮನ್ನು ಕರೆಸುವುದೂ ಬೇಕಿಲ್ಲ.

ಈಗ ಲೀಕ್ ಟೆಸ್ಟನ್ನೂ ಆಟೋಮ್ಯಾಟಿಕ್ ಮಾಡಬೇಕು ಅಂತಿದ್ದಾರೆ. ಅಲ್ಲಿಗೂ ಇಂಥದೇ ಒಂದು ಲಿಫ್ಟ್ ಯೂನಿಟ್ ಸಾಕು. ಚಾನೆಲ್‌ನಲ್ಲಿ ಬೋಲ್ಟ್ ತೂತು ಮೊದಲೇ ಹಾಕಿಟ್ಟಿದ್ದೇವೆ, ಪ್ಯಾಲೆಟ್‌ನಲ್ಲಿ ಬುಷ್ ಹೇಗೂ ಇದೆ.