ಸೂಳೆಕೆರೆಯಲ್ಲಿ ಬೇಸಿಗೆ ಗಾಳ

ಏಪ್ರಿಲ್ ಬಂತೆಂದರೆ ಗಾಳ ಹಾಕುವವರೆಲ್ಲ ಮೊದಲು ಕೇಳುವುದು ಎರೆಯ ಬಗ್ಗೆ. ರಾಗಿಯೋ, ಹಿಂಡಿಯೋ, ಎರೆಹುಳವೋ? ನಾನು ಮೊದಲು ನೋಡುವುದು ನೀರನ್ನು, ಆಮೇಲೆ ಗಾಳಿಯನ್ನು. ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. ಉಸಿರು ಕಟ್ಟಿದ ಮೀನಿನ ಬಾಯಿಗೇ ತುತ್ತು ಇಟ್ಟರೂ ತಿನ್ನುವುದಿಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಲ್ಲೂ ಸುತ್ತಲಿನ ಸಣ್ಣ ಕೆರೆಗಳಲ್ಲೂ ನಾನು ಬೇಸಿಗೆಯಿಡೀ ಗಾಳ ಹಾಕುವುದು ಈ ಉಸಿರಿನ ಲೆಕ್ಕದ ಮೇಲೆ.

ಬೆಳಗಿನ ಜಾವವೇ ಒಳ್ಳೆಯದು ಅನ್ನುತ್ತಾರಲ್ಲ, ಕಾಟ್ಲಾ, ರೋಹು ಮೀನುಗಳ ಮಟ್ಟಿಗೆ ಅದು ಅರ್ಧ ಸತ್ಯ. ಹಸಿರುಗಟ್ಟಿದ ಸಣ್ಣ ಕೆರೆಯಲ್ಲಿ ಪಾಚಿ ಹಗಲೆಲ್ಲ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಎಳೆದುಕೊಳ್ಳುತ್ತದೆ. ಹಾಗಾಗಿ ಸೂರ್ಯ ಹುಟ್ಟುವ ಮುಂಚೆಯೇ ನೀರಿನಲ್ಲಿ ಉಸಿರು ಅತಿ ಕಡಿಮೆ. ಆಗ ಮೀನು ಮೇಲೆ ಬಂದು ಬಾಯಿ ಬಡಿಯುವುದನ್ನು ಕಂಡು ಹೊಸಬರು ಹಸಿದಿವೆ ಅಂತ ಹಿಗ್ಗುತ್ತಾರೆ. ಕಾಟ್ಲಾ, ರೋಹು ಬೇಕಾದ ದಿನ ನಾನು ಚಹಾ ಕುಡಿಯುತ್ತ ಏರಿಯ ಮೇಲೆ ಕೂತಿರುತ್ತೇನೆ. ಬಿಸಿಲು ನೀರಿಗೆ ಬಿದ್ದು ಒಂದು ತಾಸು ಕಳೆಯಲಿ. ಸೂಳೆಕೆರೆಯಂಥ ವಿಶಾಲ ನೀರಿನಲ್ಲಿ ಅಲೆಯೇ ಗಾಳಿ ಬೆರೆಸುವುದರಿಂದ ಈ ತಾಪತ್ರಯ ಕಡಿಮೆ. ಅಲ್ಲಿ ಪಡುವಣ ಗಾಳಿ ಬೀಸಿದ ದಿನ ಮೂಡಣ ದಂಡೆಗೆ ಹೋಗುತ್ತೇನೆ. ಅಲೆ ಬಂದು ಬಡಿಯುವ ಕಡೆಗೇ ಕಾಟ್ಲಾ ತಿನ್ನುವ ಸೂಕ್ಷ್ಮಜೀವಿಗಳೂ ಕೊಚ್ಚಿಕೊಂಡು ಬರುತ್ತವೆ. ಮುಖಕ್ಕೆ ಗಾಳಿ ಹೊಡೆಯುತ್ತದೆ, ದಾರ ಎಸೆಯುವುದು ಕಷ್ಟ. ಆದರೂ ಅದೇ ಜಾಗ.

ಕಾಟ್ಲಾದ ಬಾಯಿ ಮೇಲ್ಮುಖ. ತಳದಲ್ಲಿ ಎರೆ ಇಟ್ಟು ಅದಕ್ಕಾಗಿ ಕಾಯುವುದು ದಂಡ. ಹುರಿದು ಪುಡಿ ಮಾಡಿದ ಕಡಲೆಕಾಯಿ ಹಿಂಡಿಗೆ ಅಕ್ಕಿ ತೌಡು ಸೇರಿಸಿ, ನೀರು ಚಿಮುಕಿಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರಿಗೆ ಬಿದ್ದರೆ ಸಡಿಲವಾಗಿ ಉದುರಬೇಕು. ಆ ಹದ ಕಲಸುತ್ತ ಕಲಸುತ್ತಲೇ ಕೈಗೆ ಬರುತ್ತದೆ. ಉಂಡೆಯ ಸುತ್ತ ಸಣ್ಣ ಗಾಳಗಳನ್ನು ಹುದುಗಿಸಿ, ದೊಡ್ಡ ಬೆಂಡು ಕಟ್ಟಿ ನೀರಿನ ಮೇಲ್ಮಟ್ಟದಿಂದ ಮೂರು ನಾಲ್ಕು ಅಡಿ ಕೆಳಗೆ ತೂಗುಬಿಡುತ್ತೇನೆ. ಉದುರುವ ಪುಡಿಯನ್ನು ಹೀರುತ್ತ ಹೀರುತ್ತ ಕಾಟ್ಲಾ ಗಾಳವನ್ನೂ ಹೀರುತ್ತದೆ. ಬಿಸಿಲೇರಿದಂತೆ ಮೀನು ಇಳಿದರೆ ಬೆಂಡನ್ನು ದಾರದ ಮೇಲೆ ಒಂದೊಂದೇ ಅಡಿ ಸರಿಸಿ ಉಂಡೆಯನ್ನೂ ಇಳಿಸುತ್ತೇನೆ.

ರೋಹು ನಡುನೀರಿನದು, ಮೃಗಾಲ್ ತಳದ್ದು. ಎರಡಕ್ಕೂ ರಾಗಿಹಿಟ್ಟಿನ ಮುದ್ದೆ ಸಾಕು, ಆದರೆ ನಾದುವಾಗ ಚೂರು ಹತ್ತಿ ಸೇರಿಸುತ್ತೇನೆ. ಬಿಸಿ ನೀರಿನಲ್ಲಿ ಬರೀ ಹಿಟ್ಟು ಬೇಗ ಕರಗಿಹೋಗುತ್ತದೆ. ರೋಹು ಬೆಂಡನ್ನು ಮುಳುಗಿಸುವುದಿಲ್ಲ, ಮೆಲ್ಲಗೆ ಪಕ್ಕಕ್ಕೆ ಒಯ್ಯುತ್ತದೆ. ಎಳೆಯಬೇಕಾದದ್ದು ಆಗಲೇ.

ಉಸಿರಿನ ಲೆಕ್ಕಕ್ಕೆ ಸಿಗದ ಮೀನು ಕುಚ್ಚು. ಅದು ಮೇಲೆ ಬಂದು ನೇರ ಗಾಳಿಯನ್ನೇ ನುಂಗುವ ಜಾತಿ. ಹಾಗಾಗಿ ಬೆಳಗಿನ ಜಾವದ ಹೊತ್ತು ನಾನು ಅದಕ್ಕೇ ಮೀಸಲಿಡುತ್ತೇನೆ. ಜೊಂಡಿನ ಅಂಚು, ತಾವರೆ ಎಲೆಗಳ ಸಂದು, ಮೊಣಕಾಲುದ್ದ ನೀರು. ಹಿಂದಿನವರು ಜೀವಂತ ಕಪ್ಪೆ ಚುಚ್ಚುತ್ತಿದ್ದರು, ನಾನು ರಬ್ಬರ್ ಕಪ್ಪೆ ಬಳಸುತ್ತೇನೆ. ಎಲೆಯ ಮೇಲೆ ಹಾರಿಸಿ, ನಿಲ್ಲಿಸಿ, ಮತ್ತೆ ಎಳೆಯಬೇಕು. ನೀರು ಸಿಡಿದ ಕೂಡಲೇ ಕೋಲು ಎತ್ತಿದರೆ ಕಪ್ಪೆ ಒಂದೇ ವಾಪಸ್ ಬರುತ್ತದೆ. ದಾರ ಬಿಗಿಯುವ ತನಕ ತಾಳ್ಮೆ ಬೇಕು. ಬಿಗಿದ ಮೇಲೆ ಮಾತ್ರ ದಯೆ ತೋರಿಸಬಾರದು, ಜೊಂಡಿಗೆ ನುಗ್ಗಿದರೆ ಮುಗಿಯಿತು. ಅದಕ್ಕೇ ಇಲ್ಲಿ ಹೆಣೆದ ದಪ್ಪ ದಾರ. ಒಂದು ಕಡೆ ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕುದಿಯುವಂತೆ ಕಂಡರೆ ಕೆಳಗೆ ಕಾವಲಿಗೆ ತಾಯಿ ತಂದೆ ಇರುತ್ತವೆ. ಆಗ ಎಸೆದರೆ ಹಿಡಿದೇ ಹಿಡಿಯುತ್ತವೆ, ನಾನು ಎಸೆಯುವುದಿಲ್ಲ. ಕಾವಲು ಹೋದರೆ ಆ ಮರಿಗಳನ್ನು ಜಿಲೇಬಿ ಮೀನು (ತಿಲಾಪಿಯಾ), ಕೊಕ್ಕರೆ ಎರಡೂ ಬಿಡುವುದಿಲ್ಲ.

ಜಿಲೇಬಿ ಮೀನಿಗೆ ವಿದ್ಯೆಯೇನೂ ಬೇಡ. 1952ರಲ್ಲಿ ದೇಶಕ್ಕೆ ತಂದ ಈ ಮೀನು ಈಗ ಇಲ್ಲದ ಕೆರೆ ಹುಡುಕಬೇಕು. ನಡುಮಧ್ಯಾಹ್ನವೂ ದಡದಲ್ಲಿ ಎರೆಹುಳಕ್ಕೆ ಬೀಳುತ್ತದೆ. ಮಕ್ಕಳಿಗೆ ಬಿದಿರು ಕೋಲು ಕೊಟ್ಟು ಕೂರಿಸಲು ಇದೇ ಸರಿ.

ಬಾಳೆ ಮೀನಿಗೆ ಕತ್ತಲಾಗಬೇಕು. ಸತ್ತ ಸಣ್ಣ ಮೀನನ್ನು ತಳಕ್ಕೆ ಬಿಟ್ಟು, ಗಾಳದ ಹತ್ತಿರ ಗೇಣುದ್ದ ಸ್ಟೀಲ್ ತಂತಿ ಹಾಕದಿದ್ದರೆ ಅದರ ಹಲ್ಲಿಗೆ ನೈಲಾನ್ ದಾರ ಉಳಿಯುವುದಿಲ್ಲ. ಭರಣಿ ಮಳೆ ಸುರಿದು ಹಳ್ಳದ ಕೆಂಪು ನೀರು ಕೆರೆಗೆ ಸೇರುವ ಬಾಯಿಯಲ್ಲಿ ಇದು ಚೆನ್ನಾಗಿ ಸಿಗುತ್ತದೆ. ಸಣ್ಣ ಕೆರೆಗೆ ಇಂಥ ಮಳೆ ಕೆಲವೊಮ್ಮೆ ಕೇಡೂ ಹೌದು: ತಣ್ಣೀರು ತಳಕ್ಕಿಳಿದು ಉಸಿರಿಲ್ಲದ ಅಡಿನೀರನ್ನು ಮೇಲೆ ತರುತ್ತದೆ, ಮರುದಿನ ಮೀನು ತೇಲುತ್ತದೆ.

ಕತ್ತಲಲ್ಲಿ ಚೇಳು ಮೀನೂ ಗಾಳಕ್ಕೆ ಬರುತ್ತದೆ. ಕೈಹಾಕದೆ ಇಕ್ಕಳದಲ್ಲಿ ಬಿಡಿಸಿ. ಮುಳ್ಳು ಚುಚ್ಚಿದರೆ ತಡೆಯುವಷ್ಟು ಬಿಸಿಯ ನೀರಿನಲ್ಲಿ ಕೈ ಅದ್ದಿದರೆ ಉರಿ ಇಳಿಯುತ್ತದೆ, ಬಾವು ಹೆಚ್ಚಿದರೆ ಆಸ್ಪತ್ರೆಗೆ ಹೋಗಿ. ಕಾಟ್ಲಾವನ್ನು ಅಲ್ಲೇ ಕರುಳು ತೆಗೆದು ಐಸಿನಲ್ಲಿಡಬೇಕು, ಮನೆಗೆ ಹೋದಮೇಲೆ ನೋಡೋಣ ಅಂದರೆ ಹೊಟ್ಟೆಯೇ ಕರಗಿರುತ್ತದೆ. ಕುಚ್ಚು ಒದ್ದೆ ಗೋಣಿಚೀಲದಲ್ಲೇ ಜೀವಂತ ಮನೆ ಸೇರುತ್ತದೆ. ಕೆರೆಯನ್ನು ಮೀನುಗಾರರ ಸಂಘಕ್ಕೋ ಹರಾಜಿನಲ್ಲಿ ಹಿಡಿದವರಿಗೋ ಗುತ್ತಿಗೆ ಕೊಟ್ಟಿರುತ್ತಾರೆ. ಕೋಲು ಬಿಚ್ಚುವ ಮೊದಲು ಅವರನ್ನು ಒಂದು ಮಾತು ಕೇಳಿ.